ಅಮ್ಮ ಹಾಸನದಲ್ಲಿ, ಸಾಲ ವರ್ಜೀನಿಯಾದಲ್ಲಿ

ಅಮೆರಿಕದ ಸರ್ಕಾರ ತನ್ನ ಗುಟ್ಟಿನ ಕಾಗದಪತ್ರಗಳನ್ನು ಒಬ್ಬರ ಕೈಗೆ ಕೊಡುವ ಮೊದಲು ಅವರಿಂದ ಒಂದು ಅರ್ಜಿ ತುಂಬಿಸಿಕೊಳ್ಳುತ್ತದೆ. ಎಸ್‌ಎಫ್-86 ಎಂದು ಅದರ ಹೆಸರು. ಅಚ್ಚು ಹಾಕಿದರೆ 130 ಪುಟ ದಾಟುವ ಈ ಅರ್ಜಿಯ 18ನೆಯ ಭಾಗ ಬಂಧುಬಳಗದ್ದು, 26ನೆಯ ಭಾಗ ಸಾಲಸೋಲದ್ದು. ತಾಯಿ, ತಂದೆ, ಅಣ್ಣತಮ್ಮ, ಅಕ್ಕತಂಗಿ, ಅತ್ತೆ, ಮಾವ, ಹೀಗೆ ಒಬ್ಬೊಬ್ಬರ ಹೆಸರು, ಹುಟ್ಟಿದ ದಿನ, ವಿಳಾಸ, ಪೌರತ್ವ ಎಲ್ಲವನ್ನೂ ಬರೆಯಬೇಕು. ಅವರು ಬೇರೆ ದೇಶದವರಾದರೆ ಪ್ರಶ್ನೆಗಳು ಮುಂದುವರಿಯುತ್ತವೆ: ಎಷ್ಟು ದಿನಕ್ಕೊಮ್ಮೆ ಮಾತಾಡುತ್ತೀರಿ? ಫೋನಿನಲ್ಲೋ, ಎದುರಿಗೋ? ಅವರು ಎಲ್ಲಿ ಕೆಲಸ ಮಾಡುತ್ತಾರೆ? ಅಲ್ಲಿನ ಸರ್ಕಾರ, ಸೇನೆ, ರಕ್ಷಣಾ ಉದ್ಯಮ, ಗುಪ್ತಚರ ಸಂಸ್ಥೆಗಳ ಜೊತೆ ಅವರಿಗೆ ನಂಟಿದೆಯೇ?

ಬೆಂಗಳೂರಿನ ಕಡೆಯ ಅರ್ಜಿದಾರರ ಕೈ ಈ ಕೊನೆಯ ಪ್ರಶ್ನೆಯ ಹತ್ತಿರ ಒಂದು ಗಳಿಗೆ ನಿಲ್ಲದೆ ಇರದು. 1940ರಲ್ಲಿ ಎಚ್‌ಎಎಲ್, 1954ರಲ್ಲಿ ಬಿಇಎಲ್ ಹುಟ್ಟಿದ ಊರು ಅದು. ಮೇಲೆ ಇಸ್ರೊ, ಡಿಆರ್‌ಡಿಒ ಪ್ರಯೋಗಾಲಯಗಳು ಬೇರೆ. ಮಾವ ಬಿಇಎಲ್‌ನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು ಎನ್ನುವುದು ಅಲ್ಲಿ ಹೆಣ್ಣು ನೋಡಲು ಹೋದಾಗ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ವರ್ಜೀನಿಯಾದ ತನಿಖಾಧಿಕಾರಿಗೆ ಅದೇ ಮಾತು ಅಡಿಗೆರೆ ಎಳೆದು ಇಟ್ಟುಕೊಳ್ಳುವ ಸಾಲು.

ಅಮೆರಿಕದಲ್ಲಿ ಸೆಕ್ಯೂರಿಟಿ ಕ್ಲಿಯರೆನ್ಸ್, ಅಂದರೆ ಗುಟ್ಟಿನ ಕಾಗದಪತ್ರ ನೋಡುವ ಅನುಮತಿ ಪಡೆಯಲು ಅರ್ಹರೆನಿಸಿಕೊಂಡವರು ಸುಮಾರು 40 ಲಕ್ಷ ಮಂದಿ. ಸೈನಿಕರು, ಸರ್ಕಾರಿ ನೌಕರರು ಇರುವಂತೆಯೇ ಖಾಸಗಿ ಗುತ್ತಿಗೆ ಕಂಪನಿಗಳ ಎಂಜಿನಿಯರುಗಳು, ಸಾಫ್ಟ್‌ವೇರ್‌ನವರು, ದುಭಾಷಿಗಳು, ಕಾವಲುಗಾರರೂ ಇದರಲ್ಲಿ ಸೇರಿದ್ದಾರೆ. ಗ್ರೀನ್ ಕಾರ್ಡು ಇದ್ದರೆ ಸಾಲದು, ಪೌರತ್ವ ಬೇಕು. ಪೌರತ್ವ ಸಿಕ್ಕಿದ ಮಾತ್ರಕ್ಕೆ ಕ್ಲಿಯರೆನ್ಸ್ ಸಿಗುತ್ತದೆ ಎಂದೇನೂ ಇಲ್ಲ. ಅದು ಯಾರ ಹಕ್ಕೂ ಅಲ್ಲ ಎಂದು 1988ರಲ್ಲಿ ನೌಕಾ ಇಲಾಖೆ ಮತ್ತು ಈಗನ್ ಎಂಬುವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಂಶಯದ ಲಾಭ ಆರೋಪಿಗೆ ಸಿಗುತ್ತದಲ್ಲ, ಇಲ್ಲಿ ಸಂಶಯದ ಲಾಭ ಪೂರ್ತಿ ಸರ್ಕಾರಕ್ಕೆ. ಅರ್ಜಿದಾರ ಯಾವ ತಪ್ಪೂ ಮಾಡಿರಬೇಕಾಗಿಲ್ಲ. ಮುಂದೆ ಯಾರಾದರೂ ಅವನ ಮೇಲೆ ಒತ್ತಡ ತರಬಹುದೇ ಎಂಬುದೇ ದೊಡ್ಡ ಪ್ರಶ್ನೆ.

2017ರ ಜೂನ್ 8ರಿಂದ ಜಾರಿಗೆ ಬಂದ ನಿಯಮಾವಳಿಯಲ್ಲಿ ಅರ್ಜಿ ತೂಗುವ ಅಳತೆಗೋಲುಗಳು 13 ಇವೆ. ಕುಡಿತ, ಮಾದಕವಸ್ತು, ಕ್ರಿಮಿನಲ್ ನಡತೆ, ಗುಟ್ಟಿನ ದಾಖಲೆಗಳ ಉಪೇಕ್ಷೆ ಇತ್ಯಾದಿ. ಅವುಗಳಲ್ಲಿ 'ಬಿ' ವಿದೇಶಿ ಪ್ರಭಾವದ್ದು, 'ಎಫ್' ಹಣಕಾಸಿನದ್ದು. ವಲಸೆ ಬಂದ ಕುಟುಂಬದವರನ್ನು ಹೆಚ್ಚು ಕಾಡುವುದು 'ಬಿ'; ಎಲ್ಲರನ್ನೂ ಸೇರಿಸಿ ನೋಡಿದರೆ ಅತಿ ಹೆಚ್ಚು ಅರ್ಜಿಗಳು ಮುಗ್ಗರಿಸುವುದು 'ಎಫ್' ಹತ್ತಿರ.

ಸಾಲ ಕಂಡರೆ ಸರ್ಕಾರಕ್ಕೆ ಇಷ್ಟು ದಿಗಿಲು ಯಾಕೆ ಎಂದರೆ ಆಲ್ಡ್ರಿಚ್ ಏಮ್ಸ್ ಕಡೆ ನೋಡಬೇಕು. ಸಿಐಎ ಅಧಿಕಾರಿ. ಮೊದಲ ಹೆಂಡತಿಯ ವಿಚ್ಛೇದನದ ಖರ್ಚು, ಎರಡನೆಯ ಸಂಸಾರದ ದುಂದು ಎರಡೂ ಸೇರಿ ಸಾಲ ಕತ್ತಿನವರೆಗೆ ಬಂದಾಗ 1985ರ ಏಪ್ರಿಲಿನಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಯೊಳಗೆ ನಡೆದುಕೊಂಡೇ ಹೋಗಿ 50,000 ಡಾಲರ್ ಕೇಳಿದ. ಸಿಕ್ಕಿತು. ಅಲ್ಲಿಗೇ ನಿಲ್ಲಿಸುತ್ತೇನೆ ಅಂದುಕೊಂಡಿದ್ದನಂತೆ, ನಿಲ್ಲಲಿಲ್ಲ. ಒಂಬತ್ತು ವರ್ಷದಲ್ಲಿ ಸುಮಾರು 25 ಲಕ್ಷ ಡಾಲರ್ ಕೈಸೇರಿತು. ಅವನು ಹೆಸರು ಹೇಳಿದ್ದರಿಂದ ಅಮೆರಿಕಕ್ಕೆ ಗುಟ್ಟಾಗಿ ಸುದ್ದಿ ಕೊಡುತ್ತಿದ್ದ ಹತ್ತು ಮಂದಿಯಾದರೂ ಪ್ರಾಣ ಕಳೆದುಕೊಂಡರು.

ಈ ಕಥೆಯಲ್ಲಿ ವಿದೇಶಿ ನೆಂಟರೂ ಬರುತ್ತಾರೆ, ಅದೂ ವಿಚಿತ್ರ ರೀತಿಯಲ್ಲಿ. ಏಮ್ಸ್ 5,40,000 ಡಾಲರಿನ ಮನೆಯನ್ನು ಸಾಲವಿಲ್ಲದೆ ಕೊಂಡ, ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬಂದ. ಕೇಳಿದವರಿಗೆ, ಹೆಂಡತಿ ಕೊಲಂಬಿಯಾದವಳು, ಅವಳ ತವರಿನವರು ಸ್ಥಿತಿವಂತರು ಎಂದ. ಮೇಲುಮೇಲಿನ ವಿಚಾರಣೆಯಲ್ಲಿ ಸಿಐಎ ಅದನ್ನು ನಂಬಿತು. ದೂರದೇಶದ ನೆಂಟಸ್ತನವನ್ನು ಯಾರೂ ಸರಿಯಾಗಿ ಪರೀಕ್ಷಿಸುವುದಿಲ್ಲ ಎಂಬುದೇ ಅವನಿಗೆ ಗುರಾಣಿಯಾಯಿತು. 1994ರ ಫೆಬ್ರವರಿಯಲ್ಲಿ ಅವನ ಬಂಧನವಾಯಿತು. ಮರುವರ್ಷ ಆಗಸ್ಟಿನಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ 12968ನೆಯ ಆದೇಶ ಕ್ಲಿಯರೆನ್ಸ್ ಇರುವವರ ಹಣಕಾಸಿನ ಮೇಲೆ ಕಣ್ಣಿಡಲು ಕಟ್ಟುನಿಟ್ಟಿನ ವ್ಯವಸ್ಥೆ ಮಾಡಿತು.

ಭಾರತೀಯರಿಗೆ ಇನ್ನಷ್ಟು ಹತ್ತಿರದ ಉದಾಹರಣೆ ನೋಶಿರ್ ಗೋವಾಡಿಯಾ. ಮುಂಬಯಿಯಲ್ಲಿ ಹುಟ್ಟಿ ಅಮೆರಿಕದ ಪೌರನಾದ ಎಂಜಿನಿಯರ್. ರಾಡಾರಿಗೆ ಕಾಣದ ಬಿ-2 ಬಾಂಬರ್ ವಿಮಾನದ ಹೊಗೆ ಕಾರುವ ಭಾಗವನ್ನು ರೂಪಿಸಿದವರಲ್ಲಿ ಒಬ್ಬ. ಹವಾಯಿಯ ಮೌಯಿ ದ್ವೀಪದಲ್ಲಿ ಸಮುದ್ರ ಕಾಣುವಂತೆ ಭಾರೀ ಮನೆ ಕಟ್ಟಿಸಿದ. ಅದರ ಸಾಲದ ಕಂತು ಹೊರಲಾರದ ಹೊರೆಯಾಯಿತು. ಚೀನಾದ ಕ್ರೂಸ್ ಕ್ಷಿಪಣಿಗೆ ಶಾಖ ಕಾಣದಂಥ ನಳಿಕೆ ರೂಪಿಸಿಕೊಟ್ಟು 1,10,000 ಡಾಲರಿಗೂ ಕಡಿಮೆಯಿಲ್ಲದಷ್ಟು ಹಣ ಪಡೆದ. 2010ರಲ್ಲಿ ಅಪರಾಧ ಸಾಬೀತಾಯಿತು, ಮರುವರ್ಷ 32 ವರ್ಷ ಜೈಲು ಶಿಕ್ಷೆ ಬಿತ್ತು. ಗಮನಿಸಬೇಕಾದ್ದೆಂದರೆ, ಅವನು ಮಾರಿಕೊಂಡದ್ದು ತಾನು ಹುಟ್ಟಿದ ದೇಶಕ್ಕಲ್ಲ. ಭಾರತದಲ್ಲಿದ್ದ ನೆಂಟರಿಗೂ ಈ ವ್ಯವಹಾರಕ್ಕೂ ಸಂಬಂಧವಿಲ್ಲ. ಎಡವಿಸಿದ್ದು ಮೌಯಿಯ ಮನೆ.

ಸಂಶಯದ ಲಾಭ ಸರ್ಕಾರಕ್ಕೇ ಆದರೂ ಅರ್ಜಿದಾರರಿಗೆ ತಮ್ಮ ಮಾತು ಹೇಳಿಕೊಳ್ಳಲು ಒಂದು ವಿಚಾರಣೆಯ ಅವಕಾಶ ಇದೆ. ಅದು ಪುಕ್ಕಟೆಯಾಗಿ ಬಂದದ್ದಲ್ಲ. ವಿಲಿಯಂ ಗ್ರೀನ್ ಎಂಬ ವಿಮಾನ ಎಂಜಿನಿಯರ್ ಕಂಪನಿಯೊಂದರ ಉಪಾಧ್ಯಕ್ಷರಾಗಿದ್ದವರು. 1953ರಲ್ಲಿ ನೌಕಾ ಇಲಾಖೆ ಅವರ ಕ್ಲಿಯರೆನ್ಸ್ ಕಿತ್ತುಕೊಂಡಿತು. ದೂರು ಏನೆಂದರೆ, ಆಗಲೇ ವಿಚ್ಛೇದನವಾಗಿದ್ದ ಮೊದಲ ಹೆಂಡತಿಗೆ ಎಡಪಂಥೀಯರ ಸಹವಾಸವಿತ್ತು, ಇವರು ಸೋವಿಯತ್ ರಾಯಭಾರ ಕಚೇರಿಯವರನ್ನು ಭೇಟಿಯಾಗಿದ್ದರು. ವ್ಯಾಪಾರದ ಮಾತಿಗೆ ಹೋಗಿದ್ದೆ ಎಂದರು ಗ್ರೀನ್. ಯಾರು ಚಾಡಿ ಹೇಳಿದರು ಎಂಬುದನ್ನು ಕೊನೆಯವರೆಗೂ ಅವರಿಗೆ ತಿಳಿಸಲಿಲ್ಲ. ವರ್ಷಕ್ಕೆ 18,000 ಡಾಲರ್ ಸಂಬಳದಲ್ಲಿದ್ದವರು 4,400 ಡಾಲರಿಗೆ ನಕ್ಷೆ ಬರೆಯುವ ಕೆಲಸಕ್ಕೆ ಇಳಿದರು. ಸಾಕ್ಷಿಗಳನ್ನು ಎದುರಿಗೆ ತಂದು ಪ್ರಶ್ನಿಸಲು ಬಿಡದೆ ಒಬ್ಬರ ಅನ್ನ ಕಿತ್ತುಕೊಳ್ಳುವ ಅಧಿಕಾರವನ್ನು ಇಲಾಖೆಗೆ ಯಾರೂ ಕೊಟ್ಟಿಲ್ಲ ಎಂದು 1959ರ ಜೂನ್ 29ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮರುವರ್ಷ ಅಧ್ಯಕ್ಷ ಐಸೆನ್‌ಹೋವರ್ ಗುತ್ತಿಗೆ ಕಂಪನಿಗಳ ನೌಕರರಿಗೆ ವಿಚಾರಣೆಯ ಹಕ್ಕು ಕೊಡುವ ಆದೇಶಕ್ಕೆ ಸಹಿ ಹಾಕಿದರು.

ಗ್ರೀನ್ ತೀರ್ಪಿಗೆ ಸರಿಯಾಗಿ ಐದು ವರ್ಷ ಮೊದಲು, 1954ರ ಜೂನ್ 29ರಂದೇ, ಅಣುಬಾಂಬಿನ ವಿಜ್ಞಾನಿ ಓಪನ್‌ಹೈಮರ್ ಅವರ ಕ್ಲಿಯರೆನ್ಸ್ ಹೋಗಿತ್ತು. ಅಲ್ಲೂ ತಮ್ಮ, ಹೆಂಡತಿ, ಹಳೆಯ ಪ್ರೇಯಸಿಯ ರಾಜಕೀಯವೆಲ್ಲ ಕಡತಕ್ಕೆ ಬಂದಿತ್ತು. ಆ ನಿರ್ಧಾರವನ್ನು ಸರ್ಕಾರ ರದ್ದು ಮಾಡಿದ್ದು 2022ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡು 55 ವರ್ಷಗಳ ಮೇಲೆ.

ಈಗ ಗುತ್ತಿಗೆ ಕಂಪನಿಗಳ ನೌಕರರ ವಿಚಾರಣೆ ನಡೆಸುವುದು ರಕ್ಷಣಾ ಇಲಾಖೆಯ ವಿಚಾರಣೆ ಮತ್ತು ಮೇಲ್ಮನವಿ ಕಚೇರಿ. ಎಲ್ಲರ ಬಾಯಲ್ಲಿ ಅದು 'ಡೋಹಾ'. ಮೊದಲು ಒಂದು ನೋಟಿಸು ಬರುತ್ತದೆ. ಯಾವ ಯಾವ ಕಾರಣಕ್ಕೆ ನಿಮ್ಮ ಬಗ್ಗೆ ಅನುಮಾನ ಎಂದು ಒಂದೊಂದಾಗಿ ಅಂಕಿ ಹಾಕಿ ಬರೆದಿರುತ್ತದೆ: ಇಂಥ ಬ್ಯಾಂಕಿನ ಇಷ್ಟು ಬಾಕಿ, ಇಂಥ ವರ್ಷದ ತೆರಿಗೆ ರಿಟರ್ನ್ ಸಲ್ಲಿಸಿಲ್ಲ, ತಾಯಿ ಭಾರತದ ಪ್ರಜೆ ಮತ್ತು ನಿವಾಸಿ. ಇಪ್ಪತ್ತು ದಿನದಲ್ಲಿ ಪ್ರತಿಯೊಂದಕ್ಕೂ ಹೌದು ಇಲ್ಲವೇ ಅಲ್ಲ ಎಂದು ಪ್ರಮಾಣ ಮಾಡಿ ಉತ್ತರಿಸಬೇಕು. ಬೇಕಾದರೆ ನ್ಯಾಯಾಧೀಶರ ಎದುರು ವಿಚಾರಣೆ ಕೇಳಬಹುದು, ಬೇಡವೆಂದರೆ ಕಾಗದಪತ್ರದ ಮೇಲೆಯೇ ತೀರ್ಮಾನ. ಎರಡನೆಯದು ಸಲೀಸು ಎಂದು ಹಲವರಿಗೆ ಅನ್ನಿಸುತ್ತದೆ. ಆದರೆ ನ್ಯಾಯಾಧೀಶರಿಗೆ ಮುಖ ಕಾಣದೆ, ದನಿ ಕೇಳದೆ, ಮರುಪ್ರಶ್ನೆ ಹಾಕಲು ದಾರಿಯಿಲ್ಲದೆ ಹೋದಾಗ ಉಳಿಯುವುದು ಸಂಶಯವೇ. ಸಂಶಯ ಯಾರ ಪಾಲಿಗೆ ಹೋಗುತ್ತದೆ ಎಂಬುದು ಮೊದಲೇ ತೀರ್ಮಾನವಾಗಿದೆಯಲ್ಲ.

ಸಾಲದ ವಿಷಯದಲ್ಲಿ ಈ ನ್ಯಾಯಾಧೀಶರ ಲೆಕ್ಕ ಬ್ಯಾಂಕಿನ ಲೆಕ್ಕಕ್ಕಿಂತ ಬೇರೆ. ಇಬ್ಬರಿದ್ದಾರೆ, ಇಬ್ಬರಿಗೂ ಆಸ್ಪತ್ರೆಯ ಬಾಕಿ 30,000 ಡಾಲರ್ ಎಂದಿಟ್ಟುಕೊಳ್ಳೋಣ. ಒಬ್ಬಾಕೆ ಮೂರನೆಯ ತಿಂಗಳೇ ಆಸ್ಪತ್ರೆಗೆ ಕಾಗದ ಬರೆದು, ತಿಂಗಳಿಗೆ 150 ಡಾಲರ್ ಕಟ್ಟುತ್ತೇನೆಂದು ಒಪ್ಪಿಸಿ, ಎರಡು ವರ್ಷ ಒಂದೂ ತಪ್ಪದಂತೆ ಕಟ್ಟಿದ್ದಾಳೆ. ಇನ್ನೂ 26,400 ಬಾಕಿ. ಇನ್ನೊಬ್ಬ ಬಂದ ಲಕೋಟೆಗಳನ್ನು ಒಡೆಯದೆ ಡ್ರಾಯರಿಗೆ ತುರುಕಿದ. ನೋಟಿಸು ಬಂದ ವಾರ ಭಾವಮೈದುನನ ಹತ್ತಿರ ಕೈಸಾಲ ಎತ್ತಿ ಪೂರಾ ಚುಕ್ತಾ ಮಾಡಿದ. ಬ್ಯಾಂಕಿನವರಿಗೆ ಎರಡನೆಯವನು ಒಳ್ಳೆಯ ಗಿರಾಕಿ. ಡೋಹಾ ನ್ಯಾಯಾಧೀಶರಿಗೆ ಮೊದಲನೆಯಾಕೆಯೇ ವಾಸಿ. ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನ, ಮನೆಯಲ್ಲಿ ಸಾವು, ಮೋಸದ ಸಾಲದವರ ಕೈಗೆ ಸಿಕ್ಕದ್ದು, ಇವೆಲ್ಲ ಕೈಮೀರಿದ ಕಾರಣಗಳೆಂದು ನಿಯಮವೇ ಒಪ್ಪುತ್ತದೆ. ಆಮೇಲೆ ಏನು ಮಾಡಿದಿರಿ ಎಂದು ಕೂಡಲೇ ಕೇಳುತ್ತದೆ. ಸಾಲವೆಲ್ಲ ತೀರಿರಬೇಕು ಎಂಬ ಹಟ ಇಲ್ಲ. ಕಾರ್ಯಸಾಧ್ಯವಾದ ಒಂದು ಯೋಜನೆ ಇರಬೇಕು, ಅದರಂತೆ ನಡೆದುಕೊಂಡಿದ್ದಕ್ಕೆ ರಸೀದಿ ಇರಬೇಕು. ಏಳು ವರ್ಷ ಕಳೆದು ಕ್ರೆಡಿಟ್ ವರದಿಯಿಂದ ಸಾಲ ಮಾಯವಾಯಿತು, ವಾಯಿದೆ ಮೀರಿ ಅದನ್ನು ವಸೂಲಿ ಮಾಡುವಂತಿಲ್ಲ ಎಂಬ ವಾದಗಳಿಗೆ ಅಲ್ಲಿ ಬೆಲೆ ಕಡಿಮೆ.

ತೆರಿಗೆಯ ಮಾತೇ ಬೇರೆ. ಕ್ರೆಡಿಟ್ ಕಾರ್ಡಿನ ಬಾಕಿಗಿಂತ ಸಲ್ಲಿಸದ ರಿಟರ್ನ್ ಹೆಚ್ಚು ಹಾನಿ ಮಾಡುತ್ತದೆ. ಸರ್ಕಾರದ ಸಾದಾ ನಿಯಮವನ್ನೇ ಪಾಲಿಸದವರು ಗುಟ್ಟಿನ ನಿಯಮವನ್ನು ಹೇಗೆ ಪಾಲಿಸುತ್ತಾರೆ ಎಂಬುದು ನ್ಯಾಯಾಧೀಶರ ತರ್ಕ. ಇನ್ನು ಸಾಲದ ಮಾತಿಗೆ ಮರಳಿದರೆ, ಅತಿಸಾಲ ಮಾಡಬಾರದು ಎಂಬ ಕಟ್ಟಳೆ ನಮ್ಮಲ್ಲೂ ಇದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 17ನೆಯದು ಅದೇ. ಅಮೆರಿಕದಲ್ಲಿ ಸರ್ಕಾರವೇ ನೌಕರರನ್ನು ಸಾಲಕ್ಕೆ ತಳ್ಳಿದ್ದೂ ಉಂಟು. 2018ರ ಡಿಸೆಂಬರ್ 22ರಿಂದ 35 ದಿನ ಬಜೆಟ್ ಜಗಳದಲ್ಲಿ ಹಲವು ಇಲಾಖೆಗಳಿಗೆ ಬೀಗ ಬಿದ್ದು ಸಂಬಳ ನಿಂತಾಗ, ಕಂತು ತಪ್ಪಿದರೆ ಕ್ಲಿಯರೆನ್ಸ್ ಏನಾಗುತ್ತದೋ ಎಂದು ಕಂಗಾಲಾದವರಲ್ಲಿ ಎಫ್‌ಬಿಐನವರೂ ಇದ್ದರು.

ಸಾಲವನ್ನಾದರೆ ಕಂತು ಕಟ್ಟಿ ಕರಗಿಸಬಹುದು. ಹೆತ್ತ ತಾಯಿಯನ್ನು ಏನು ಮಾಡಲು ಬರುತ್ತದೆ?

ಮತ್ತೆ ಒಬ್ಬನನ್ನು ಊಹಿಸಿಕೊಳ್ಳೋಣ. ಹಾಸನದ ಹುಡುಗ, ಸುರತ್ಕಲ್ಲಿನಲ್ಲಿ ಓದು, ಅಮೆರಿಕಕ್ಕೆ ಹೋಗಿ ಹದಿನೆಂಟು ವರ್ಷ. ಪೌರತ್ವ ಸಿಕ್ಕಾಗ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸಾಗರೋತ್ತರ ಭಾರತೀಯರ ಓಸಿಐ ಕಾರ್ಡು ಮಾಡಿಸಿಕೊಂಡ. ಈಗ ಕಂಪನಿ ಅವನನ್ನು ರಕ್ಷಣಾ ಇಲಾಖೆಯ ಕೆಲಸಕ್ಕೆ ಹಾಕಬೇಕೆಂದಿದೆ. ತಾಯಿಯ ಜೊತೆ ಎಷ್ಟು ದಿನಕ್ಕೊಮ್ಮೆ ಮಾತು ಎಂಬಲ್ಲಿ 'ದಿನಾ' ಎಂದು ಬರೆಯಲು ಅವನಿಗೆ ಹೆದರಿಕೆ. 'ತಿಂಗಳಿಗೊಮ್ಮೆ' ಎಂದರೆ ಹೇಗೆ? ಅಲ್ಲೇ ಕೆಡುವುದು. ಹೆತ್ತವರ ಮೇಲೆ ಪ್ರೀತಿ ಇದ್ದೇ ಇರುತ್ತದೆ ಎಂದು ಡೋಹಾ ಮೊದಲೇ ಊಹಿಸಿಕೊಂಡಿರುತ್ತದೆ. ಹೆಂಡತಿಯ ತಂದೆತಾಯಿಯ ಮೇಲೂ ಇರುತ್ತದೆ ಎಂದೇ ಊಹೆ, ಇಲ್ಲ ಎನ್ನುವವರು ರುಜುವಾತು ಮಾಡಬೇಕು. ಬೇಕೆಂದೇ ಸುಳ್ಳು ಬರೆದರೆ ಅದು ಐದು ವರ್ಷದವರೆಗೆ ಜೈಲು ಕಾಣಿಸಬಹುದಾದ ಅಪರಾಧ. ತನಿಖಾಧಿಕಾರಿ ವಾಟ್ಸಾಪ್ ಕರೆಗಳ ಸಾಲು ಮುಂದೆ ಇಟ್ಟರೆ ನೆಂಟಸ್ತನದ ಸಣ್ಣ ಪ್ರಶ್ನೆ ಹೋಗಿ ಪ್ರಾಮಾಣಿಕತೆಯ ದೊಡ್ಡ ಪ್ರಶ್ನೆ ಏಳುತ್ತದೆ.

ಅವನು ತೋರಿಸಬೇಕಾದದ್ದು ಬೇರೆ. ಅಮ್ಮನ ಹೊಟ್ಟೆಬಟ್ಟೆ ಯಾರ ಮರ್ಜಿಯ ಮೇಲೂ ನಿಂತಿಲ್ಲ, ಅಪ್ಪ ಶಾಲಾ ಮೇಷ್ಟ್ರಾಗಿದ್ದವರು, ಅವರ ಪೆನ್ಷನ್ ಕಾನೂನಿನಂತೆ ಅಮ್ಮನಿಗೆ ಬರುತ್ತದೆ ಎಂಬುದನ್ನು. ಒಂದು ಭಾನುವಾರ ಫೋನು ಮಾಡಿ, "ಅಮ್ಮ, ಪೆನ್ಷನ್ ಪಾಸ್‌ಬುಕ್ಕಿಂದೊಂದು ಫೋಟೊ ತೆಗ್ಸಿ ಕಳ್ಸು" ಎನ್ನುತ್ತಾನೆ. "ಯಾಕೋ ಮಗಾ, ಅಲ್ಲೇನಾರ ತೊಂದ್ರೆ ಆಗಿದ್ಯಾ?" "ಇಲ್ಲಮ್ಮ, ಆಫೀಸಿಗೆ ಬೇಕಂತೆ." "ನನ್ ಪೆನ್ಷನ್ ಕಟ್ಕೊಂಡು ಆ ಅಮೆರಿಕದೋರಿಗೆ ಏನಾಗ್ಬೇಕಂತೆ?" ಕೆಲಸ ಯಾವುದೆಂದು ಅವನು ಹೇಳುವ ಹಾಗಿಲ್ಲ. ಹೇಳಿಲ್ಲ ಎಂಬುದೇ ವಿಚಾರಣೆಯಲ್ಲಿ ಅವನ ಪರವಾದ ಒಂದು ಅಂಶ.

ಆಸ್ತಿಯ ಭಾಗ ಇನ್ನೂ ತೊಡಕು. ಓಸಿಐನವರು ಭಾರತದಲ್ಲಿ ಸಾಗುವಳಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಹೀಗಾಗಿ ಪಹಣಿಯಲ್ಲಿ ಅಣ್ಣತಮ್ಮಂದಿರ ಜೊತೆ ಅವನ ಹೆಸರೂ ಇದೆ. ಎರಡು ಎಕರೆ ಆಲೂಗೆಡ್ಡೆ ಬೆಳೆಯುವ ಹೊಲ, ಜಂಟಿ ಖಾತೆ. ಅದರಲ್ಲಿ ಅವನ ಪಾಲಿನ ಬೆಲೆ ಡಾಲರಿನಲ್ಲಿ ಎಷ್ಟು? ಭಾಗವೇ ಆಗಿಲ್ಲದ ಹೊಲಕ್ಕೆ ಬೆಲೆ ಕಟ್ಟುವವರು ಯಾರು? ಅಂದಾಜು ಎಂದು ಸ್ಪಷ್ಟವಾಗಿ ಹೇಳಿ ಒಂದು ಅಂಕಿ ಬರೆಯುವುದೇ ಸರಿಯಾದ ದಾರಿ, ಬಿಟ್ಟುಬಿಡುವುದು ಅಪಾಯ. ನ್ಯಾಯಾಧೀಶರು ಆಮೇಲೆ ತಕ್ಕಡಿ ಹಿಡಿಯುತ್ತಾರೆ: ಈ ಕಡೆ ಹಾಸನದ ಹೊಲ, ಆ ಕಡೆ ಅಮೆರಿಕದ ಮನೆ, ನಿವೃತ್ತಿ ನಿಧಿ, ಅಲ್ಲೇ ಹುಟ್ಟಿ ಅಲ್ಲೇ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹಿತಗಳು ಘರ್ಷಿಸುವ ದಿನ ಬಂದರೆ ಇವನು ಯಾವ ಕಡೆ ವಾಲುತ್ತಾನೆ ಎಂಬುದಕ್ಕೆ ಅವರಿಗೆ ಸಿಗುವ ಸಾಕ್ಷ್ಯ ಇಷ್ಟೇ.

ದೇಶ ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಭಾರತದ ನಂಟಿನ ಪ್ರಕರಣಗಳಲ್ಲಿ ಅದು ಅತಿ ದೊಡ್ಡ ಪ್ರಜಾಪ್ರಭುತ್ವ, ಅಮೆರಿಕಕ್ಕೆ ಆಪ್ತ ಎಂದು ನ್ಯಾಯಾಧೀಶರು ದಾಖಲಿಸುತ್ತಾರೆ. ಅದರ ಪಕ್ಕದಲ್ಲೇ ಭಯೋತ್ಪಾದಕ ದಾಳಿಗಳು, ಅಮೆರಿಕದ ತಂತ್ರಜ್ಞಾನವನ್ನು ನಿಯಮ ಮೀರಿ ಭಾರತಕ್ಕೆ ಸಾಗಿಸಿದ ಹಳೆಯ ಮೊಕದ್ದಮೆಗಳು ಕೂಡ ದಾಖಲಾಗುತ್ತವೆ. ಆದರೂ ಹೆತ್ತವರು ಭಾರತದಲ್ಲಿದ್ದು ಕ್ಲಿಯರೆನ್ಸ್ ಸಿಕ್ಕ ತೀರ್ಪುಗಳು ಸಾಕಷ್ಟಿವೆ. ಚೀನಾ, ರಷ್ಯಾ, ಇರಾನಿನಲ್ಲಿ ತಾಯಿ ಇರುವವರ ಪಾಡು ಹೀಗಲ್ಲ. ಅವರು ಹೊರಬೇಕಾದ ರುಜುವಾತಿನ ಭಾರ ಬಹಳ ದೊಡ್ಡದು. ಅದೇ ಪ್ರೀತಿ, ಅದೇ ಫೋನು ಕರೆ, ದೇಶ ಬೇರೆ ಅಷ್ಟೇ. ಇದು ಅನ್ಯಾಯ ಎನ್ನಬಹುದು. ಪರದೇಶದ ಪೊಲೀಸರು ತಾಯಿಯ ಮನೆ ಬಾಗಿಲು ತಟ್ಟಬಹುದಾದ ಸಾಧ್ಯತೆಯನ್ನು ಮಗ ತಾನು ಒಳ್ಳೆಯವನಾಗಿದ್ದು ತಪ್ಪಿಸಲಾರ ಎಂಬುದೂ ನಿಜವೇ.

ನೆಂಟಸ್ತನ ಮತ್ತು ದುಡ್ಡು ಒಂದಕ್ಕೊಂದು ಹೆಣೆದುಕೊಳ್ಳುವ ಜಾಗದಲ್ಲಿ ಭಾರತೀಯರು ತಿಳಿಯದೆ ಸಿಕ್ಕಿಬೀಳುವುದುಂಟು. ಅಮ್ಮನ ಖರ್ಚಿಗೆಂದು ಹಾಸನದ ಬ್ಯಾಂಕಿನಲ್ಲಿ ಅನಿವಾಸಿಗಳ ಎನ್‌ಆರ್‌ಇ ಖಾತೆ ತೆರೆದು ದುಡ್ಡು ಹಾಕುತ್ತಾರೆ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ ಎಂದು ಬ್ಯಾಂಕಿನವರು ಹೇಳಿರುತ್ತಾರೆ, ಅದು ನಿಜ. ಅಮೆರಿಕದಲ್ಲಿ ಮಾತ್ರ ಅದಕ್ಕೆ ತೆರಿಗೆ ಉಂಟು. ವಿದೇಶಿ ಖಾತೆಗಳಲ್ಲಿನ ಹಣ ಒಟ್ಟಾಗಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೂ ಖಜಾನೆ ಇಲಾಖೆಗೆ ಪ್ರತ್ಯೇಕ ವರದಿ ಕೊಡಬೇಕು. ಅಣ್ಣನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತದ್ದನ್ನು ಮರೆತೇ ಹೋಗಿರುತ್ತದೆ. ಅಣ್ಣ ಕಂತು ತಪ್ಪಿಸಿದ ಸುದ್ದಿ ತಮ್ಮನಿಗೆ ಗೊತ್ತಾಗುವುದು ತನಿಖಾಧಿಕಾರಿಯ ಮುಂದೆ ಎಂದಾದರೆ ಅದಕ್ಕಿಂತ ಫಜೀತಿ ಇಲ್ಲ. ನೋಟಿಸಿಗೆ ಮೊದಲೇ ಹಿಂದಿನ ವರ್ಷಗಳ ರಿಟರ್ನ್ ತಿದ್ದಿ ಸಲ್ಲಿಸಿ, ಬಾಕಿ ಕಟ್ಟಿ ಬಂದವರ ಮಾತಿಗೆ ತೂಕ ಹೆಚ್ಚು.

ಇಷ್ಟೆಲ್ಲ ಜಾಲಾಡಿದರೂ ಬಲೆಯಿಂದ ನುಸುಳಿದವರಿದ್ದಾರೆ. ರಕ್ಷಣಾ ಗುಪ್ತಚರ ಸಂಸ್ಥೆಯಲ್ಲಿ ಕ್ಯೂಬಾದ ವಿಷಯದಲ್ಲಿ ಪರಿಣತೆ ಎನಿಸಿದ್ದ ಆನಾ ಮೊಂಟೆಸ್ 16 ವರ್ಷ ಕ್ಯೂಬಾಕ್ಕೇ ಗೂಢಚಾರಿಣಿಯಾಗಿದ್ದಳು. ಸಾಲದ ಒತ್ತಡ ಇರಲಿಲ್ಲ, ಕ್ಯೂಬಾದಲ್ಲಿ ನೆಂಟರಿರಲಿಲ್ಲ. ಒಡಹುಟ್ಟಿದ ತಂಗಿ, ತಮ್ಮ ಇಬ್ಬರೂ ಎಫ್‌ಬಿಐನಲ್ಲಿದ್ದರು. ಅವಳು ಕೆಲಸ ಮಾಡಿದ್ದು ಸಿದ್ಧಾಂತದ ನಂಬಿಕೆಯಿಂದ, ಹಣಕ್ಕಾಗಿ ಅಲ್ಲ. ಅಳೆಯಲು ಬರುವುದು ತಾಯಿಯ ವಿಳಾಸ ಮತ್ತು ಬ್ಯಾಂಕಿನ ಬಾಕಿ, ಆದ್ದರಿಂದ ಅಲ್ಲೇ ಹೆಚ್ಚು ಅಳೆಯುತ್ತಾರೆ ಎಂದು ದೂರುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.

ಕ್ಲಿಯರೆನ್ಸ್ ಸಿಕ್ಕಿತು ಎಂದರೆ ಮುಗಿಯಿತು ಎಂಬ ಕಾಲವೂ ಹೋಯಿತು. ಮೊದಲು ಐದು ಅಥವಾ ಹತ್ತು ವರ್ಷಕ್ಕೊಮ್ಮೆ ಮರುತನಿಖೆ ನಡೆಯುತ್ತಿತ್ತು. 2021ರ ಹೊತ್ತಿಗೆ ರಕ್ಷಣಾ ಇಲಾಖೆ ತನ್ನಲ್ಲಿ ಕ್ಲಿಯರೆನ್ಸ್ ಇರುವ ಎಲ್ಲರನ್ನೂ ನಿರಂತರ ನಿಗಾ ವ್ಯವಸ್ಥೆಗೆ ಸೇರಿಸಿತು. ಕ್ರೆಡಿಟ್ ವರದಿಯಲ್ಲಿ ಕಂತು ತಪ್ಪಿದ ಸುದ್ದಿ ಈಗ ಬೇಗನೆ ಕಚೇರಿ ಮುಟ್ಟುತ್ತದೆ. ಊರಿಗೆ ಹೋಗಿಬರುವುದನ್ನೂ ಮುಂಚಿತವಾಗಿ ತಿಳಿಸಬೇಕು. ತೀರ್ಪು ವಿರುದ್ಧವಾದರೆ ಹದಿನೈದು ದಿನದಲ್ಲಿ ಮೇಲ್ಮನವಿಯ ಸೂಚನೆ ಕೊಡಬಹುದು. ಅಲ್ಲಿ ಹೊಸ ಸಾಕ್ಷ್ಯ ತೆಗೆದುಕೊಳ್ಳುವುದಿಲ್ಲ, ನ್ಯಾಯಾಧೀಶರು ನಿಯಮ ತಪ್ಪಿದರೇ ಎಂದಷ್ಟೇ ನೋಡುತ್ತಾರೆ. ಅದೂ ಆಗದಿದ್ದರೆ ಒಂದು ವರ್ಷ ಕಾಯಬೇಕು. ಗುತ್ತಿಗೆ ಕಂಪನಿಗಳಲ್ಲಿ ಆ ಒಂದು ವರ್ಷ ಕುರ್ಚಿ ಕಾದಿಡುವವರು ಕಡಿಮೆ, ಗುಟ್ಟಿನ ಕೆಲಸವಿಲ್ಲದ ಬೇರೆ ವಿಭಾಗಕ್ಕೆ ಹಾಕಿದರೆ ಅದೇ ಪುಣ್ಯ. ವರ್ಷದ ಮೇಲೆ ಮತ್ತೆ ಅರ್ಜಿ ಹಾಕಲು ಕಂಪನಿಯೊಂದು ಮುಂದೆ ಬರಬೇಕು, ಒಬ್ಬರೇ ಹೋಗಿ ಕೇಳುವಂತಿಲ್ಲ. ಹಾಗೆ ಎರಡನೆಯ ಸಲ ಬಂದು, ನಡುವಿನ ತಿಂಗಳುಗಳ ಕಂತಿನ ರಸೀದಿ, ಸಲ್ಲಿಸಿದ ರಿಟರ್ನುಗಳನ್ನು ಮುಂದಿಟ್ಟು ಕ್ಲಿಯರೆನ್ಸ್ ಪಡೆದವರ ತೀರ್ಪುಗಳೂ ಹೆಸರು ಅಳಿಸಿದ ಪ್ರತಿಗಳಾಗಿ ಪ್ರಕಟವಾಗಿವೆ. ವರ್ಜೀನಿಯಾದ ವಕೀಲರು ಹೊಸ ಕಕ್ಷಿದಾರರಿಗೆ ಓದಲು ಕೊಡುವುದು ಅಂಥವನ್ನೇ.